ಮೇಳ ಕಟ್ಟುವ ಬಗೆ



ಕಳೆದ ಸುಗ್ಗಿಯಲ್ಲಿ ನಾನು ಅಕ್ಕನ ಮನೆಗೆಂದು ಎಮ್ಮಿಗನೂರಿಗೆ ಹೋಗಿದ್ದೆನು. ಈ ಹೆಸರನ್ನು ಕೇಳಿದೊಡನೆ ಕೆಲವರಿಗೆ ಕರ್ನೂಲು ಸೀಮೆಯ ನೇಕಾರರ ಪಟ್ಟಣವು ನೆನಪಾಗಬಹುದು. ಅದು ಬೇರೆ, ನಾನು ಹೇಳುತ್ತಿರುವುದು ನಮ್ಮ ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿಗೆ ಸೇರಿದ ಎಮ್ಮಿಗನೂರನ್ನು. ತುಂಗಭದ್ರೆಯ ಕಾಲುವೆಯ ನೀರುಂಡು ಬತ್ತ ಬೆಳೆಯುವ ಸೀಮೆಯಿದು. ನಾನು ಹೋದಾಗ ಕೊಯ್ಲು ಮುಗಿದು ಬತ್ತದ ರಾಶಿಗಳು ಒಣಗುತ್ತಿದ್ದವು. ಊರಿನವರ ಮುಖದಲ್ಲಿ ಸುಗ್ಗಿಯ ಗೆಲವಿತ್ತು. ಆದರೆ ನಮ್ಮ ಅಕ್ಕನ ಮುಖದಲ್ಲಿ ಮಾತ್ರ ಅದು ಕಾಣಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಕಾರಣವು ತಿಳಿಯಿತು. ಅಕ್ಕನ ಮಗನು ಅಕ್ಕಿಯ ಗಿರಣಿಯಲ್ಲಿ ಲೆಕ್ಕ ಬರೆಯುವ ಹುಡುಗ. ಇಪ್ಪತ್ತೆರಡು ವರ್ಷ ವಯಸ್ಸು, ಕಂಠವು ಚೆನ್ನಾಗಿದೆ, ಜಾತ್ರೆ ಹಬ್ಬಗಳಲ್ಲಿ ನಾಲ್ಕು ಜನರ ಮುಂದೆ ಹಾಡಿ ಭೇಷ್ ಎನ್ನಿಸಿಕೊಂಡವನು. ಈಗ ಗಿರಣಿಯ ಕೆಲಸವನ್ನು ಬಿಟ್ಟು ತನ್ನದೇ ಒಂದು ಮೇಳವನ್ನು ಕಟ್ಟುತ್ತೇನೆಂದು ಹಟ ಹಿಡಿದಿದ್ದಾನೆ. ಅದಕ್ಕೆ ಕೀಬೋರ್ಡು ಬೇಕು, ಧ್ವನಿಪೆಟ್ಟಿಗೆಗಳು ಬೇಕು, ಹಿಂದೆ ಕಟ್ಟಲು ಅವನ ಹೆಸರನ್ನು ದೊಡ್ಡದಾಗಿ ಬರೆಯಿಸಿದ ಪರದೆಯೊಂದು ಬೇಕು. ಇವೆಲ್ಲಕ್ಕೂ ಬೇಕಾದ ಹಣವು ತಾಯಿಯ ಕೈಯ ಎರಡು ಬಂಗಾರದ ಬಳೆಗಳಲ್ಲಿದೆ ಎಂಬುದು ಅವನ ಲೆಕ್ಕ!

“ತಮ್ಮಾ, ನೀನಾದರೂ ಇವನಿಗೆ ನಾಲ್ಕು ಬುದ್ಧಿಮಾತು ಹೇಳು. ಹಾಡಿ ಹೊಟ್ಟೆ ತುಂಬಿಸಿಕೊಂಡವರು ನಮ್ಮ ಪೈಕಿ ಯಾರಿದ್ದಾರೆ?” ಎಂದಳು ಅಕ್ಕ.

“ಮಾವಾ, ನೀವೇ ಹೇಳಿರಿ. ಸಾಮಾನೇ ಇಲ್ಲದೆ ಮೇಳ ಕಟ್ಟುವುದು ಹೇಗೆ? ಬರಿಗೈಯಲ್ಲಿ ಹೋದರೆ ಯಾರು ಕರೆಯುತ್ತಾರೆ?” ಎಂದನು ಹುಡುಗ.

ತಾಯಿ ಮಕ್ಕಳ ನಡುವೆ ಸಿಕ್ಕಿಕೊಂಡ ಸೋದರಮಾವನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತೆಯೇ ಸರಿ. ಅಲ್ಲದೆ ಬುದ್ಧಿ ಹೇಳುವ ಯೋಗ್ಯತೆ ಈ ವಿಷಯದಲ್ಲಿ ನನಗೆ ಅಷ್ಟಾಗಿ ಇಲ್ಲ. ನಾನೂ ಆ ವಯಸ್ಸಿನಲ್ಲಿ ಹೊಸಪೇಟೆಯಲ್ಲಿ ನಾಲ್ವರು ಗೆಳೆಯರೊಡನೆ ಒಂದು ಭಜನೆಯ ಮೇಳವನ್ನು ಕಟ್ಟಿದ್ದೆನು. ಎರಡು ವರ್ಷ ನಡೆಯಿತು. ಅದು ಮುರಿದದ್ದು ಅಪಸ್ವರದಿಂದಲ್ಲ, ಬಡತನದಿಂದಲೂ ಅಲ್ಲ, ಒಂದು ತೆಂಗಿನಕಾಯಿಯಿಂದ! ಒಂದು ದೇವರ ಉತ್ಸವದ ಮರುದಿನ ಬಂದ ಸಂಭಾವನೆಯನ್ನೂ ಕಾಯಿಗಳನ್ನೂ ಹಂಚುವಾಗ ತಬಲ ಬಾರಿಸುವವನಿಗೆ ಇತರರಿಗಿಂತ ಒಂದು ಕಾಯಿ ಕಡಿಮೆ ಬಂದಿತು. “ಹಾಡುವವರಿಗೆ ಎರಡು, ಬಾರಿಸುವವರಿಗೆ ಒಂದು” ಎಂಬ ಮಾತೂ ಬಂದಿತು. ಅವನು ಏನನ್ನೂ ಹೇಳದೆ ಎದ್ದು ಹೋದನು, ಮತ್ತೆ ಬರಲಿಲ್ಲ. ತಾಳವಿಲ್ಲದ ಭಜನೆಯು ಎಷ್ಟು ದಿನ ನಡೆದೀತು?

ಆದಕಾರಣ ಆ ರಾತ್ರಿ ನಾನು ಹುಡುಗನನ್ನು ಗದರಿಸಲಿಲ್ಲ. ಊಟವಾದ ಮೇಲೆ ಜಗಲಿಯ ಮೇಲೆ ತಾಯಿ ಮಗನಿಬ್ಬರನ್ನೂ ಕೂಡಿಸಿಕೊಂಡು ಇಬ್ಬರು ಹೆಂಗಸರ ಕತೆಯನ್ನು ಹೇಳಿದೆನು. ಒಬ್ಬರು ಸಮುದ್ರದಾಚೆಯವರು, ಇನ್ನೊಬ್ಬರು ನಮ್ಮ ನೆರೆಯೂರಿನವರು. ಇಬ್ಬರೂ ಬರಿಗೈಯಿಂದಲೇ ಮೇಳ ಕಟ್ಟಿದವರು. ಆ ಕತೆಗಳನ್ನೇ ಈ ತಿಂಗಳು ವಾಚಕರ ಮುಂದೆಯೂ ಇಡುತ್ತೇನೆ. ಇಂಥ ಹುಡುಗರು ಎಷ್ಟೋ ಮನೆಗಳಲ್ಲಿ ಇರುವರಷ್ಟೆ.

ಆಫ್ರಿಕ ಖಂಡದ ಪೂರ್ವದ ಕರಾವಳಿಗೆ ಸಮೀಪದಲ್ಲಿ ಜಂಜಿಬಾರ್ ಎಂಬ ದ್ವೀಪವಿದೆ. ಲವಂಗದ ತೋಟಗಳಿಗೆ ಹೆಸರಾದ ನಾಡು. ಹಿಂದೆ ಅರಬ್ಬೀ ಸುಲ್ತಾನರು ಅದನ್ನು ಆಳುತ್ತಿದ್ದರು. ಮನುಷ್ಯರನ್ನು ದನಗಳಂತೆ ಮಾರುವ ಸಂತೆಯೊಂದು ಅಲ್ಲಿ 1873ರವರೆಗೂ ನಡೆಯುತ್ತಿತ್ತು. ಗುಲಾಮಗಿರಿಯೇ ಕಾಯಿದೆಯ ಪ್ರಕಾರ ರದ್ದಾದದ್ದು 1897ರಲ್ಲಿ. ಈ ಎರಡು ವರ್ಷಗಳ ನಡುವೆ, ಸುಮಾರು 1880ರಲ್ಲಿ, ಫುಂಬಾ ಎಂಬ ಹಳ್ಳಿಯಲ್ಲಿ ಒಂದು ಬಡ ಕುಟುಂಬದಲ್ಲಿ ಹೆಣ್ಣುಮಗುವೊಂದು ಹುಟ್ಟಿತು. ಅದಕ್ಕೆ ಇಟ್ಟ ಹೆಸರು ಮ್ತುಮ್ವಾ. ಅವರ ಭಾಷೆಯಲ್ಲಿ ಅದರ ಅರ್ಥವು ‘ಗುಲಾಮ’ ಎಂದು. ಹೆತ್ತ ಮಗುವಿಗೆ ಇಂಥ ಹೆಸರಿಡಬೇಕಾದ ಕಾಲವು ಎಂಥದಿದ್ದೀತೆಂಬುದನ್ನು ತಾಯಂದಿರೇ ಊಹಿಸಿಕೊಳ್ಳಬೇಕು.

ತಾಯಿ ಗಡಿಗೆ ಮಾಡುವವಳು. ಮಗಳೂ ಅದನ್ನೇ ಕಲಿತಳು. ಗಡಿಗೆಗಳನ್ನು ಹೊತ್ತು ಊರೂರು ತಿರುಗಿ ಮಾರುತ್ತಿದ್ದಳು. ಹಾಗೆ ತಿರುಗುವಾಗ ತನ್ನ ಸರಕನ್ನು ಕೂಗಿ ಮಾರುವ ಬದಲು ಹಾಡಿ ಮಾರುತ್ತಿದ್ದಳು. ಆಕೆಯು ಬರುವ ಮೊದಲೇ ಆಕೆಯ ಧ್ವನಿಯು ಬರುತ್ತಿತ್ತು. ಗಡಿಗೆ ಬೇಕಾದವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ‘ಹಾಡುತ್ತ ಹಾಡುತ್ತ ರಾಗ’ ಎಂಬ ನಮ್ಮ ಗಾದೆಯಿದೆಯಲ್ಲವೆ? ಆಕೆಯ ಸಂಗೀತಶಾಲೆಯೆಂದರೆ ಆ ಕಾಲುದಾರಿಯೇ. ಆಕೆಗೆ ಶಾಲೆಯ ಓದಿರಲಿಲ್ಲ, ವಾದ್ಯವೂ ಇರಲಿಲ್ಲ. ತಲೆಯ ಮೇಲೆ ಹೊರೆಯಿತ್ತು, ಹೊರೆಯನ್ನು ಮರೆಯಿಸುವ ಹಾಡಿತ್ತು.

1911ರಲ್ಲಿ ಆಕೆಯು ಹಳ್ಳಿಯನ್ನು ಬಿಟ್ಟು ಜಂಜಿಬಾರ್ ಪಟ್ಟಣವನ್ನು ಸೇರಿದಳು. ಅಲ್ಲಿ ಆಗ ‘ತಾರಬ್’ ಎಂಬ ಸಂಗೀತವು ಬಹಳ ಮನ್ನಣೆಯಲ್ಲಿದ್ದಿತು. ಸುಲ್ತಾನ್ ಬರ್ಗಾಷನ ಕಾಲದಲ್ಲಿ ಈಜಿಪ್ಟಿನಿಂದ ಬಂದದ್ದೆಂದು ಹೇಳುವ ಈ ಸಂಗೀತವು ಅರಮನೆಯ ಸ್ವತ್ತಾಗಿತ್ತು. ಹಾಡುತ್ತಿದ್ದುದು ಅರಬ್ಬೀ ಭಾಷೆಯಲ್ಲಿ. ಕೇಳುತ್ತಿದ್ದವರು ಸಿರಿವಂತರು. ಬೀದಿಯ ಜನರಿಗೆ ಅದರ ಇಂಪು ಕಿವಿಗೆ ಬಿದ್ದರೂ ಅರ್ಥವು ಎದೆಗೆ ಇಳಿಯುತ್ತಿರಲಿಲ್ಲ. ಅಲಿ ಮುಹ್ಸಿನ್ ಎಂಬ ಸಂಗೀತಗಾರನು ಈ ಹಳ್ಳಿಯ ಹೆಂಗಸಿನ ಕಂಠವನ್ನು ಕೇಳಿ ಮೆಚ್ಚಿ ಪಾಠ ಹೇಳಿದನು. ಆಗ ಆಕೆಗೆ ಮೂವತ್ತು ದಾಟಿತ್ತೆಂಬುದನ್ನು ಗಮನಿಸಬೇಕು. ಗಡಿಗೆ ಹೊರುವ ವಯಸ್ಸೇ ಕಳೆದುಹೋಯಿತು, ಇನ್ನು ಕಲಿಯುವುದೇನು ಎಂದು ಆಕೆಯು ಹಿಂಜರಿಯಲಿಲ್ಲ.

ಗುರುವಿನ ಹಿಂದೆಯೇ ಜೊತೆಗಾರರು ಬಂದರು. ಊದ್ ಎಂಬ ತಂತಿವಾದ್ಯವನ್ನೂ ಪಿಟೀಲನ್ನೂ ತಮಟೆಯಂಥ ಚರ್ಮವಾದ್ಯವನ್ನೂ ನುಡಿಸುವವರು ಒಬ್ಬೊಬ್ಬರಾಗಿ ಕೂಡಿಕೊಂಡರು. ಅವರಲ್ಲಿ ಸುಬೇತಿ, ಎಂಬಾರುಕ್, ಬುದಾ ಸ್ವೇದಿ ಮೊದಲಾದವರ ಹೆಸರುಗಳು ಇಂದಿಗೂ ಉಳಿದಿವೆ. ವಾದ್ಯವನ್ನು ಕೊಂಡು ತಂದು ನುಡಿಸುವವರನ್ನು ಹುಡುಕಿದ್ದಲ್ಲ. ಒಂದು ಕಂಠಕ್ಕೆ ಮಾರುಹೋದ ವಾದ್ಯಗಾರರು ತಮ್ಮ ತಮ್ಮ ವಾದ್ಯಗಳೊಡನೆ ಆಕೆಯ ಮನೆಗೆ ಬಂದು ಕುಳಿತದ್ದು. ಮೇಳವಾಯಿತು. ಅದರೊಡನೆ ಹೆಸರೂ ಬದಲಾಯಿತು. ‘ಗುಲಾಮ’ ಎಂಬ ಹೆಸರಿನವಳನ್ನು ಜನರು ‘ಸಿತಿ’ ಎಂದು ಕರೆದರು. ಸಿತಿ ಎಂದರೆ ಅರಬ್ಬೀ ಮಾತಿನಲ್ಲಿ ‘ಗೃಹಿಣಿ, ಗೌರವಸ್ತ್ರೀ’ ಎಂದರ್ಥ. ತಂದೆಯ ಹೆಸರು ಸೇರಿ ಆಕೆಯು ಸಿತಿ ಬಿಂತಿ ಸಾದ್ ಆದಳು. ಇನ್ನು ಮುಂದೆ ನಾವೂ ಅವರನ್ನು ಬಹುವಚನದಿಂದಲೇ ಕರೆಯುವುದು ಯುಕ್ತ.

ಸಿತಿಯವರ ದೊಡ್ಡ ಸಾಹಸವೆಂದರೆ ಅರಮನೆಯ ಸಂಗೀತವನ್ನು ಬೀದಿಯ ಭಾಷೆಯಾದ ಸ್ವಾಹಿಲಿಯಲ್ಲಿ ಹಾಡಿದ್ದು. ನಮ್ಮಲ್ಲಿ ಸಂಸ್ಕೃತದಲ್ಲಿ ಅಡಗಿದ್ದುದನ್ನು ದಾಸರು ಕನ್ನಡದಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರಲ್ಲವೆ, ಅದೇ ಬಗೆಯ ಕೆಲಸವಿದು. ಪಟ್ಟಣದಲ್ಲಿ ನಡೆದ ಅನ್ಯಾಯಗಳು, ನ್ಯಾಯಸ್ಥಾನದಲ್ಲಿ ಬಡವರಿಗೆ ಆದ ಮೋಸ, ಹೆಂಗಸರ ಕಷ್ಟ ಇವೆಲ್ಲವೂ ಅವರ ಹಾಡಿಗೆ ವಸ್ತುವಾದವು. ಹೊಟ್ಟೆಕಿಚ್ಚಿನವರು ಸುಮ್ಮನಿರಲಿಲ್ಲ. ಅವರ ರೂಪವನ್ನೂ ಹಳ್ಳಿಯ ಹುಟ್ಟನ್ನೂ ಹೀಯಾಳಿಸಿ ಹಾಡು ಕಟ್ಟಿದರು. ಸಿತಿಯವರು ಬೈಗುಳಕ್ಕೆ ಬೈಗುಳವನ್ನು ಕೊಡದೆ ಹಾಡಿನಲ್ಲಿಯೇ ಉತ್ತರ ಕೊಟ್ಟರು. ಆ ಉತ್ತರವನ್ನು ಜನರು ಇಂದಿಗೂ ನೆನೆಯುತ್ತಾರೆ. ಹೀಯಾಳಿಸಿದವರ ಹೆಸರನ್ನು ಬಲ್ಲವರು ಅಪರೂಪ.

1928ರಲ್ಲಿ ನಮ್ಮ ದೇಶಕ್ಕೂ ಅವರಿಗೂ ಒಂದು ನಂಟು ಬೆಳೆಯಿತು. ನಾಯಿಯ ಗುರುತಿನ ಎಚ್.ಎಂ.ವಿ. ಗ್ರಾಮಫೋನ್ ಕಂಪನಿಯವರು ಸಿತಿಯವರನ್ನೂ ಅವರ ಮೇಳವನ್ನೂ ಮುಂಬಯಿಗೆ ಕರೆಯಿಸಿಕೊಂಡು ಹಾಡುಗಳನ್ನು ಮುದ್ರಿಸಿಕೊಂಡರು. ಪೂರ್ವ ಆಫ್ರಿಕದ ಹೆಂಗಸಿನ ಕಂಠವು ಗ್ರಾಮಫೋನಿನ ತಟ್ಟೆಯ ಮೇಲೆ ಮೊದಲಿಗೆ ಮೂಡಿದ್ದು ಹೀಗೆ, ನಮ್ಮ ಮುಂಬಯಿಯಲ್ಲಿ. ಇಲ್ಲಿ ಒಂದು ಮಾತನ್ನು ಮರೆಯಬಾರದು: ಮುಂಬಯಿಗೆ ಬಂದದ್ದು ಅವರೊಬ್ಬರೇ ಅಲ್ಲ, ಇಡೀ ಮೇಳ. 1950ರ ಜುಲೈ 8ರಂದು ಸಿತಿಯವರು ತೀರಿಕೊಂಡರು. ಅವರ ಹಾಡುಗಳನ್ನು ಕೇಳಿ ಬೆಳೆದ ಬೀ ಕಿದುದೆ ಎಂಬ ಮತ್ತೊಬ್ಬ ಹೆಂಗಸು ಅದೇ ದ್ವೀಪದಲ್ಲಿ ಹಣ್ಣುಹಣ್ಣು ಮುದುಕಿಯಾಗುವವರೆಗೂ ಹಾಡಿ 2013ರಲ್ಲಿ ಕಣ್ಣು ಮುಚ್ಚಿದರು.

“ಆಫ್ರಿಕದವರ ಕತೆ ನಮಗೆ ಏತಕ್ಕೆ ತಮ್ಮಾ?” ಎಂದಳು ಅಕ್ಕ, ಇಷ್ಟನ್ನು ಕೇಳಿ. ಆದರೆ ಕಣ್ಣರಳಿಸಿಯೇ ಕೇಳಿದ್ದಳು.

ಅಕ್ಕನ ಪ್ರಶ್ನೆಗೆ ಉತ್ತರವು ನಮ್ಮ ನಾಡಿನೊಳಗೇ ಇದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಿನ ಅಂಚಿನ ಹಳ್ಳಿಗಳಲ್ಲಿ ಸಿದ್ದಿಯರು ಎಂಬ ಜನರಿದ್ದಾರೆ. ಅವರ ಹಿರಿಯರನ್ನು ಪೂರ್ವ ಆಫ್ರಿಕದಿಂದ ಗುಲಾಮರನ್ನಾಗಿ ಹಡಗುಗಳಲ್ಲಿ ತುಂಬಿ ತಂದರು. ತಂದವರಲ್ಲಿ ಗೋವೆಯ ಪೋರ್ಚುಗೀಸರು ಮುಖ್ಯರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡುಗಳಲ್ಲಿ ನೆಲೆಸಿ ಕನ್ನಡಿಗರೇ ಆದರು. 2003ರಲ್ಲಿ ಸರಕಾರವು ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಎಲ್ಲವನ್ನೂ ಕಳೆದುಕೊಂಡು ಬಂದ ಆ ಜನರು ಒಂದನ್ನು ಮಾತ್ರ ಕಳೆದುಕೊಳ್ಳಲಿಲ್ಲ. ಅದು ಕೂಡಿ ಬಾರಿಸಿ ಕೂಡಿ ಕುಣಿಯುವ ರೂಢಿ. ‘ದಮಾಮಿ’ ಎಂಬ ಅವರ ಚರ್ಮವಾದ್ಯವು ಇಂದಿಗೂ ನುಡಿಯುತ್ತಿದೆ. ಮನೆ ಮಠ ಹೊಲ ನೆಲ ಯಾವುದೂ ಇಲ್ಲದಿದ್ದರೂ ಮೇಳವಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಎರಡನೆಯ ಕತೆ. ಇದಕ್ಕೆ ಸಮುದ್ರ ದಾಟಬೇಕಾಗಿಲ್ಲ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲಿನ ದಾರಿಯಲ್ಲಿ ಸಂಡೂರು ತಾಲ್ಲೂಕಿನ ದರೋಜಿ ಎಂಬ ಊರಿದೆ. ಕರಡಿಧಾಮಕ್ಕೆಂದು ಈಗ ಹೊರಗಿನವರೂ ಬರುತ್ತಾರೆ. ಆ ಊರಿನ ಹೆಸರನ್ನು ಅದಕ್ಕೂ ಮಿಗಿಲಾಗಿ ಬೆಳಗಿಸಿದವರು ಬುರ್ರಕಥೆಯ ಈರಮ್ಮನವರು. 1930ರಲ್ಲಿ ಹುಟ್ಟಿದವರು. ಬುಡ್ಗ ಜಂಗಮರೆಂಬ ಅಲೆಮಾರಿ ಜನಾಂಗದವರು. ಊರೂರು ತಿರುಗಿ ಕತೆ ಹೇಳುವುದೇ ಆ ಜನರ ಕಸುಬು. ಈರಮ್ಮನವರು ಅಕ್ಷರ ಕಲಿತವರಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಲಾಲಪ್ಪನವರಿಂದ ಹಾಡಲು ಕಲಿತರು. ಪುಸ್ತಕವಿಲ್ಲದ ಪಾಠವಾದುದರಿಂದ ಕಿವಿಯೇ ಹಲಗೆ, ನಾಲಗೆಯೇ ಬಳಪ.

ಬುರ್ರಕಥೆಯೆಂದರೆ ಏನೆಂಬುದನ್ನು ಎಳೆಯರಿಗಾಗಿ ಒಂದೆರಡು ಮಾತಿನಲ್ಲಿ ಹೇಳಬೇಕು. ನಡುವೆ ಕತೆ ಹೇಳುವವರು ನಿಲ್ಲುತ್ತಾರೆ. ಹೆಗಲ ಮೇಲೆ ತಂಬೂರಿ, ಬೆರಳಿಗೆ ತಾಳ ಹಾಕುವ ಲೋಹದ ಉಂಗುರ. ಪಕ್ಕದಲ್ಲಿ ಒಬ್ಬರೋ ಇಬ್ಬರೋ ಮಣ್ಣಿನದೋ ಲೋಹದ್ದೋ ಆದ ಚಿಕ್ಕ ಚರ್ಮವಾದ್ಯವನ್ನು ಬಾರಿಸುತ್ತ ನಿಲ್ಲುತ್ತಾರೆ. ಮುಂದಿನವರು ಒಂದು ನುಡಿಯನ್ನು ಹಾಡಿದರೆ ಪಕ್ಕದವರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ, ನಡುನಡುವೆ ಹೂಂಗುಟ್ಟುತ್ತಾರೆ, ಪ್ರಶ್ನೆ ಕೇಳುತ್ತಾರೆ. ಅವರು ಸುಮ್ಮನಾದರೆ ಕತೆಯೂ ನಿಂತಂತೆಯೇ. ರಾತ್ರಿಯೆಲ್ಲ ನಡೆಯುವ ಕತೆಯಲ್ಲಿ ಮುಂದಿನವರಿಗೆ ಉಸಿರಾಡಲು ಅವಕಾಶವು ದೊರೆಯುವುದು ಪಕ್ಕದವರ ದನಿಯಿಂದಲೇ.

ಈರಮ್ಮನವರು ತಮ್ಮ ಮೇಳವನ್ನು ಕಟ್ಟಿದ ಬಗೆಯನ್ನು ನೋಡಿರಿ. ಹಣ ಕೊಟ್ಟು ಜೊತೆಗಾರರನ್ನು ತರಲಿಲ್ಲ. ತಂದೆಯಿಂದ ಕಲಿತುದನ್ನು ತಮ್ಮಂದಿರಿಗೂ ತಂಗಿಯರಿಗೂ ಮನೆಯ ಇತರರಿಗೂ ತಾವೇ ಕಲಿಸಿದರು. ಕಲಿಸುತ್ತ ಕಲಿಸುತ್ತ ಮನೆಯೇ ಮೇಳವಾಯಿತು. ಆ ಮೇಳವು ಹಾಡಿದ ಕತೆಗಳಲ್ಲಿ ಕುಮಾರರಾಮನದೂ ಒಂದು. ಆತನು ಎಮ್ಮಿಗನೂರಿನವರಿಗೆ ನೆರೆಯವನೇ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯನ ಮಗನಾಗಿ ಕುಮ್ಮಟದುರ್ಗದಲ್ಲಿದ್ದು ದೆಹಲಿಯ ಸುಲ್ತಾನನ ದಂಡಿನೊಡನೆ ಹೋರಾಡಿ ಮಡಿದ ವೀರ. ಇತಿಹಾಸದ ಪುಸ್ತಕದಲ್ಲಿ ಆತನಿಗೆ ಸಿಕ್ಕಿರುವ ಸ್ಥಳವು ಕೆಲವೇ ಸಾಲು. ಈರಮ್ಮನವರ ಬಾಯಲ್ಲಿ ಆತನು ರಾತ್ರಿಗಟ್ಟಲೆ ಬದುಕಿದನು. ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದವರ ಕತೆಗಳೂ ಸೇರಿ ಅವರಿಗೆ ಹನ್ನೆರಡು ಕಾವ್ಯಗಳು ಬಾಯಿಪಾಠವಾಗಿದ್ದವು. ಅಚ್ಚು ಹಾಕಿದರೆ 7,000 ಪುಟಗಳಾಗುವಷ್ಟೆಂದು ಬಲ್ಲವರು ಎಣಿಸಿದ್ದಾರೆ. ನಮ್ಮಂಥ ಓದುಬರಹ ಬಲ್ಲವರು ಮನೆಯವರ ಟೆಲಿಫೋನ್ ಸಂಖ್ಯೆಯನ್ನೂ ನೆನಪಿನಲ್ಲಿಡಲಾರೆವು!

ತಿರಿದು ತಿನ್ನುವವರೆಂದು ಊರ ಹೊರಗೆ ನಿಲ್ಲಿಸಿಕೊಂಡ ಜನಾಂಗದ ಈ ತಾಯಿಗೆ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯು ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತು ಗೌರವಿಸಿತು. ಆದಿಕವಿ ಪಂಪನ ಬಿರುದಿನಿಂದ ಬಂದ ಆ ಪದವಿಯು ಅಕ್ಷರವನ್ನರಿಯದ ಹಾಡುಗಾರ್ತಿಗೆ ದೊರೆತದ್ದು ಆ ಪದವಿಗೇ ಒಂದು ಭೂಷಣ. 2014ರ ಆಗಸ್ಟ್ 12ರಂದು ಈರಮ್ಮನವರು ಕಾಲವಾದರು.

ಕತೆ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಸದ್ದಡಗಿತ್ತು. ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಅಂದರೆ ಬಳೆ ಬೇಡವೆನ್ನುತ್ತೀರಾ, ಮಾವಾ?” ಎಂದನು.

ನಾನು ಹೇಳಿದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಇಂಥ ಮಕ್ಕಳುಳ್ಳ ವಾಚಕರಿಗೆ ಪ್ರಯೋಜನವಾದರೆ ಆಗಲಿ.

ಬಳೆಯು ಬೇಕೋ ಬೇಡವೋ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ನಿನ್ನ ಹಾಡಿಗೆ ದನಿಗೂಡಿಸುವವರು ಯಾರು ಎಂಬುದು. ಸಿತಿಯವರ ಹತ್ತಿರ ಇದ್ದದ್ದು ಗಡಿಗೆಯ ಹೊರೆ; ಈರಮ್ಮನವರ ಹತ್ತಿರ ಇದ್ದದ್ದು ತಂದೆಯ ತಂಬೂರಿ. ಇಬ್ಬರೂ ಮೊದಲು ಗುರುವನ್ನು ಪಡೆದರು, ಆಮೇಲೆ ಜೊತೆಗಾರರನ್ನು ಪಡೆದರು, ಅದರ ಮೇಲೆ ಹೆಸರು ತಾನಾಗಿ ಬಂದಿತು. ನೀನು ಹೆಸರಿನ ಪರದೆಯಿಂದ ಆರಂಭಿಸಿ ಜೊತೆಗಾರರಲ್ಲಿ ಮುಗಿಸಬೇಕೆಂದಿರುವೆ. ದಾರಿಯು ತಲೆಕೆಳಗಾಗಿದೆ. ಗಿರಣಿಯ ಲೆಕ್ಕವನ್ನು ಈಗಲೇ ಬಿಡಬೇಡ. ಗಡಿಗೆ ಮಾರುತ್ತಲೇ ಹಾಡಬಹುದಾದರೆ ಬತ್ತದ ಮೂಟೆ ಎಣಿಸುತ್ತಲೂ ಹಾಡಬಹುದು. ಒಬ್ಬ ಗುರುವಿನ ಹತ್ತಿರ ಕುಳಿತು ಸ್ವರಸ್ಥಾನವನ್ನು ಗಟ್ಟಿ ಮಾಡಿಕೊ. ನಾಲ್ವರು ಗೆಳೆಯರು ವಾರಕ್ಕೆ ಎರಡು ರಾತ್ರಿ ತಪ್ಪದೆ ಕೂಡಿರಿ. ಎರವಲು ವಾದ್ಯದಲ್ಲಿ ಮೂರು ಊರುಗಳಲ್ಲಿ ಹಾಡಿರಿ. ನಮ್ಮ ಜನರ ಮಾತಿನಲ್ಲಿ, ನಮ್ಮ ಜನರ ಸುಖದುಃಖವನ್ನು ಹಾಡಿರಿ. ನಾಲ್ಕನೆಯ ಊರಿನವರು ತಾವಾಗಿ ಕರೆಯಲು ಬಂದ ದಿನ ಬಳೆಯ ಮಾತನ್ನು ಆಡೋಣ.

ಅಕ್ಕನಿಗೂ ಒಂದು ಮಾತು ಹೇಳಿದೆನು. “ಅಕ್ಕಾ, ನೀನು ಬಳೆಯನ್ನು ಬಿಗಿಹಿಡಿ, ಆದರೆ ಬಾಯನ್ನು ಬಿಗಿಹಿಡಿಯಬೇಡ. ಹಾಡಿ ಹೊಟ್ಟೆ ತುಂಬಿಸಿಕೊಂಡವರು ಯಾರಿದ್ದಾರೆ ಎಂದು ಕೇಳಿದೆಯಲ್ಲ, ಇಬ್ಬರನ್ನು ಹೇಳಿದ್ದೇನೆ. ಹುಡುಗರು ಕೂಡಿ ಹಾಡುವುದಕ್ಕೆ ಈ ಜಗಲಿಯನ್ನು ಕೊಡು. ಒಂದು ಚಂಬು ನೀರು, ನಾಲ್ಕು ಲೋಟ ಚಹ, ಇಷ್ಟೇ ನಿನ್ನ ಖರ್ಚು. ಮೇಳಕ್ಕೆ ಬಂಗಾರಕ್ಕಿಂತ ಮೊದಲು ಬೇಕಾದದ್ದು ಕೂಡುವ ತಾವು.” ಅಕ್ಕನು ನಕ್ಕಳು. ಆ ನಗೆಯಲ್ಲಿ ಒಪ್ಪಿಗೆಯಿತ್ತು.

ಮರುದಿನ ಸಂಜೆ ಮೂವರು ಹುಡುಗರು ಬಂದರು. ಒಬ್ಬನ ಕೈಯಲ್ಲಿ ಭಜನಾಮಂದಿರದಿಂದ ತಂದ ಹಳೆಯ ಹಾರ್ಮೋನಿಯಂ. ಅದರ ಎರಡು ಮನೆಗಳು ನುಡಿಯುತ್ತಿರಲಿಲ್ಲ. ಇನ್ನೊಬ್ಬನ ಬಳಿ ಢೋಲಕ್ಕು. ಮೂರನೆಯವನು ಬರಿಗೈಯಲ್ಲಿ ಬಂದು ಚಪ್ಪಾಳೆಯಿಂದಲೇ ತಾಳ ಹಿಡಿದನು. ಹಾಡು ಚೆನ್ನಾಗಿತ್ತೆಂದು ನಾನು ಹೇಳಲಾರೆ. ಆದರೆ ನಮ್ಮ ಹುಡುಗನು ಒಂದು ಕಡೆ ಸಾಲನ್ನು ಮರೆತು ನಿಂತಾಗ ಢೋಲಕ್ಕಿನವನು ತಾನೇ ಆ ಸಾಲನ್ನು ಎತ್ತಿಕೊಂಡು ಮುಂದಕ್ಕೆ ಸಾಗಿಸಿದನು. ಬೀಳುವ ಹಾಡನ್ನು ಇನ್ನೊಬ್ಬನು ಹಿಡಿದುಕೊಂಡನಲ್ಲ, ಆ ಕ್ಷಣದಲ್ಲಿ ಅದು ಮೇಳವಾಯಿತು.

ನಾನು ಹೊರಡುವ ದಿನ ಹುಡುಗನು ಬಸ್ಸಿನವರೆಗೆ ಬಂದನು. ದಾರಿಯಲ್ಲಿ ಮೆಲ್ಲನೆ, “ಮಾವಾ, ನಿಮ್ಮ ಮೇಳದಲ್ಲಿ ಆ ದಿನ ಕಾಯಿಗಳನ್ನು ಹಂಚಿದವರು ಯಾರು?” ಎಂದು ಕೇಳಿದನು.

ಲೆಕ್ಕ ಬರೆಯುವ ಹುಡುಗನಲ್ಲವೆ! ಕತೆಯಲ್ಲಿ ನಾನು ಬಿಟ್ಟುಹೋದ ಬಾಬನ್ನು ಸರಿಯಾಗಿ ಹಿಡಿದಿದ್ದನು. ಮುಚ್ಚಿಡಲು ಮನಸ್ಸಾಗಲಿಲ್ಲ. “ನಾನೇ” ಎಂದೆನು. “ಹಾಡುವವರಿಗೆ ಎರಡು, ಬಾರಿಸುವವರಿಗೆ ಒಂದು ಎಂದವನೂ ನಾನೇ. ನಿಮ್ಮ ಮೇಳದಲ್ಲಿ ಬಂದದ್ದನ್ನು ಸಮನಾಗಿ ಹಂಚು. ಉಳಿದ ಬುದ್ಧಿಮಾತುಗಳನ್ನು ಮರೆತರೂ ಇದೊಂದನ್ನು ಮರೆಯಬೇಡ.”

ಆ ತಬಲದ ಗೆಳೆಯನು ಈಗಲೂ ನಮ್ಮ ಊರಿನಲ್ಲಿಯೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ಎದುರಾದಾಗ ಮುಗುಳ್ನಕ್ಕು ಮುಂದೆ ಹೋಗುವುದೇ ಇಷ್ಟು ವರ್ಷಗಳ ರೂಢಿಯಾಗಿತ್ತು. ಹೊಸಪೇಟೆಯಲ್ಲಿ ಬಸ್ಸಿನಿಂದ ಇಳಿದವನು ಅಂಗಡಿಯಲ್ಲಿ ಒಂದು ತೆಂಗಿನಕಾಯಿಯನ್ನು ಕೊಂಡು ನೆಟ್ಟಗೆ ಅವನ ಮನೆಗೆ ಹೋದೆನು. ಅವನು ಕಾಯಿಯನ್ನು ನೋಡಿದನು, ನನ್ನನ್ನು ನೋಡಿದನು, ಏನನ್ನೂ ಕೇಳಲಿಲ್ಲ. ಒಳಗೆ ತಿರುಗಿ, “ಇಬ್ಬರಿಗೆ ಚಹ ಇಡು” ಎಂದು ಮನೆಯವರಿಗೆ ಹೇಳಿ, ಗೂಟದ ಮೇಲಿನ ತಬಲದ ಚೀಲಕ್ಕೆ ಕೈ ಹಾಕಿದನು.